ನೀರುದಾರಿಗೆ ಸುಂಕವಿಲ್ಲ

ಅಮೆರಿಕದ ಪೂರ್ವ ಕರಾವಳಿಯಲ್ಲಿ ಅಕ್ಟೋಬರ್ ಬಂತೆಂದರೆ ಹಾಯಿದೋಣಿಗಳು ಒಂದರ ಹಿಂದೊಂದು ದಕ್ಷಿಣಕ್ಕೆ ಹೊರಡುತ್ತವೆ. ಚಳಿ ಒಂದು ಕಾರಣ. ಇನ್ನೊಂದು ಕಾರಣ ವಿಮೆಯ ಕಾಗದದಲ್ಲಿರುತ್ತದೆ. ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತದ ಕಾಲ. ನಮ್ಮ ಪಾಲಿಸಿಯ ಪ್ರಕಾರ ನವೆಂಬರ್ 1ಕ್ಕೆ ಮುಂಚೆ ದೋಣಿ ಜಾರ್ಜಿಯಾ ಗಡಿ ದಾಟಿ ಫ್ಲಾರಿಡಾಕ್ಕೆ ಇಳಿಯುವಂತಿಲ್ಲ. ಇಳಿದ ಮೇಲೆ ಬಿರುಗಾಳಿಗೆ ಸಿಕ್ಕಿದರೆ ಪರಿಹಾರವಿಲ್ಲ. ಗಡಿಗೆರೆಯೂ ತಾರೀಖೂ ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಅದೇ ಪುಟದಲ್ಲಿ ಇನ್ನೊಂದು ಸಾಲನ್ನೂ ಹುಡುಕಿ ಓದಬೇಕು. ಹೆಸರಿಟ್ಟ ಚಂಡಮಾರುತದಿಂದ ಹಾನಿಯಾದರೆ ನಾವು ಕೈಯಿಂದ ಹಾಕಬೇಕಾದ ಪಾಲು ಬಹಳ ಪಾಲಿಸಿಗಳಲ್ಲಿ ನಿಗದಿತ ಮೊತ್ತವಲ್ಲ, ದೋಣಿಯ ಬೆಲೆಯ ಶೇಕಡಾವಾರು. 40,000 ಡಾಲರಿನ ದೋಣಿಗೆ ಶೇ 10 ಎಂದರೆ ಮೊದಲ 4,000 ಡಾಲರ್ ನಮ್ಮ ಜೇಬಿನದೇ.

ನಾವು ಹಿಡಿದ ದಾರಿ ಇಂಟ್ರಾಕೋಸ್ಟಲ್ ವಾಟರ್‌ವೇ. ವರ್ಜೀನಿಯಾದ ನಾರ್ಫೋಕ್‌ನಲ್ಲಿ ಇದರ ಸೊನ್ನೆ ಮೈಲಿ; ಮಯಾಮಿಗೆ ಸುಮಾರು 1,090 ಮೈಲಿ. ತೆರೆದ ಸಮುದ್ರಕ್ಕೆ ಬೀಳದೆ, ದಡದ ದ್ವೀಪಗಳ ಮರೆಯಲ್ಲಿ ನದಿ, ಹಿನ್ನೀರು, ತೋಡಿದ ಕಾಲುವೆಗಳನ್ನು ಪೋಣಿಸಿಕೊಂಡು ಸಾಗುವ ದಾರಿ. ಇದನ್ನು ನೋಡಿಕೊಳ್ಳುವುದು ಅಮೆರಿಕ ಸೈನ್ಯದ ಎಂಜಿನಿಯರುಗಳ ದಳ. ನಾವು ಹೊರಟ ಸುದ್ದಿ ಕೇಳಿ ಬೆಂಗಳೂರಿನಿಂದ ತಂಗಿ ಫೋನ್ ಮಾಡಿದಳು. "ಅಕ್ಕಾ, ಅದೆಲ್ಲ ಕೋಟ್ಯಧೀಶರು ಮಾಡೋದಲ್ವಾ? ನಿಮಗ್ಯಾಕೆ?" ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ದಾರಿಗೆ ಸುಂಕವಿಲ್ಲ, ಲಾಕ್ ಗೇಟು ತೆರೆದು ನೀರೇರಿಸಿ ಇಳಿಸುವುದಕ್ಕೂ ದುಡ್ಡು ಕೇಳುವುದಿಲ್ಲ. ಖರ್ಚಾಗುವುದು ರಾತ್ರಿಗೆ, ಅದಕ್ಕಿಂತ ಹೆಚ್ಚಾಗಿ ಅವಸರಕ್ಕೆ.

ಡೀಸೆಲ್ ಲೆಕ್ಕ ಬೇಗ ಮುಗಿಯುತ್ತದೆ. ಹಾಯಿದೋಣಿ ಎಂದರೂ ಕಿರಿದಾದ ಕಾಲುವೆಯಲ್ಲಿ ಎಂಜಿನ್ನೇ ಗತಿ. ಆಲ್ಬೆಮಾರ್ಲ್ ಸೌಂಡ್, ನ್ಯೂಸ್ ನದಿಯಂಥ ಅಗಲ ನೀರಿನಲ್ಲಿ ಮಾತ್ರ ಹಾಯಿ ಬಿಚ್ಚಿ ಸುಖವಾಗಿ ಹೋಗಬಹುದು. ನಮ್ಮದು 34 ಅಡಿಯ ಹಳೆಯ ದೋಣಿ, ಗಂಟೆಗೆ 6 ಮೈಲಿ ಓಡುತ್ತದೆ, ಮುಕ್ಕಾಲು ಗ್ಯಾಲನ್ ಕುಡಿಯುತ್ತದೆ. ಮಯಾಮಿವರೆಗೂ ಎಂಜಿನ್ನಿನಲ್ಲೇ ಹೋದರೂ ಸುಮಾರು 180 ಗಂಟೆ, 135 ಗ್ಯಾಲನ್. ಗ್ಯಾಲನ್‌ಗೆ 4 ಡಾಲರ್ ಹಿಡಿದರೆ 540 ಡಾಲರ್.

ರಾತ್ರಿಯ ಲೆಕ್ಕ ಬೇರೆ. ದೋಣಿ ಕಟ್ಟಲು ಜಾಗ ಕೊಡುವ ಮರೀನಾದವರು ಅದರ ಉದ್ದದ ಮೇಲೆ, ಅಡಿಗೆ ಇಷ್ಟೆಂದು ಬಾಡಿಗೆ ಹಾಕುತ್ತಾರೆ. ಅಡಿಗೆ ಎರಡೂವರೆ ಡಾಲರ್ ಎಂದರೆ ನಮಗೆ ಒಂದು ರಾತ್ರಿಗೆ 85, ವಿದ್ಯುತ್ ಬೇರೆ. ಮುಂದೆ ಚಾಚಿದ ಲಂಗರು, ಹಿಂದೆ ತೂಗುಹಾಕಿದ ಪುಟ್ಟ ದೋಣಿ ಇವನ್ನೂ ಸೇರಿಸಿ ಅಳೆಯುವವರಿದ್ದಾರೆ. ತಿಂಗಳಿಡೀ ಹೀಗೆ ಕಟ್ಟಿದರೆ 2,550 ಡಾಲರ್, ಡೀಸೆಲ್ ಖರ್ಚಿನ ನಾಲ್ಕು ಪಟ್ಟಿಗೂ ಹೆಚ್ಚು. ಕೊಲ್ಲಿಯಲ್ಲೋ ನದಿಯ ತಿರುವಿನಲ್ಲೋ ಲಂಗರು ಬಿಟ್ಟರೆ ಅದೇ ರಾತ್ರಿಗೆ ಖರ್ಚಿಲ್ಲ. ಹೊರಡುವ ಮೊದಲು ಸಣ್ಣ ಟಿವಿ, ಹೊಸ ಮೆತ್ತೆ ಎಂದೆಲ್ಲ ಪಟ್ಟಿ ಮಾಡಿದ್ದೆವು. ಅದನ್ನು ಬದಿಗಿಟ್ಟು ಒಂದು ಅಳತೆ ದೊಡ್ಡದಾದ ಲಂಗರನ್ನೂ ಉದ್ದದ ಸರಪಳಿಯನ್ನೂ ಕೊಂಡೆವು. ಗಾಳಿ ಬೀಸಿದ ರಾತ್ರಿಯೂ ಕಣ್ಣು ತುಂಬ ನಿದ್ದೆ ಬಂತು. ಅಂಥ ನಿದ್ದೆ ಇಲ್ಲದವರು ಕತ್ತಲಾಗುತ್ತಲೇ ಮರೀನಾ ಹುಡುಕುತ್ತಾರೆ.

ಪುಕ್ಕಟೆ ಕಟ್ಟೆಗಳೂ ಇವೆ. ನಾರ್ಫೋಕ್ ದಾಟಿದ ಮೇಲೆ ಡಿಸ್ಮಲ್ ಸ್ವಾಂಪ್ ಕಾಲುವೆ ಸಿಗುತ್ತದೆ. 1793ರಲ್ಲಿ ಅಗೆಯಲು ಶುರುಮಾಡಿ 1805ರಲ್ಲಿ ತೆರೆದ ಕಾಲುವೆ. ಅಗೆದವರು ಗುಲಾಮರಾಗಿದ್ದ ಕಪ್ಪು ಜನ, ಸೊಂಟಮಟ್ಟದ ಕೆಸರಿನಲ್ಲಿ ನಿಂತು. ಚಹಾದ ಬಣ್ಣದ ಆ ನೀರಿನ ಮೇಲೆ ಹೋಗುವಾಗ ಈ ಲೆಕ್ಕವೂ ನೆನಪಿರಬೇಕು: ನಮಗೆ ಪುಕ್ಕಟೆಯಾದದ್ದಕ್ಕೆ ಅವರು ಮೈಯನ್ನೇ ತೆತ್ತಿದ್ದಾರೆ. ಅಲ್ಲಿ ನಾರ್ತ್ ಕ್ಯಾರೊಲಿನಾದ ಪ್ರವಾಸಿ ಕೇಂದ್ರದ ಮುಂದೆ ಬಾಡಿಗೆಯಿಲ್ಲದ ಕಟ್ಟೆಯಿದೆ. ಮುಂದಿನ ಎಲಿಜಬೆತ್ ಸಿಟಿಯಂತೂ ಬಂದ ದೋಣಿಗಳಿಗೆ 48 ಗಂಟೆ ಪುಕ್ಕಟೆ ಜಾಗ ಕೊಡುವುದಕ್ಕೇ ಹೆಸರಾದ ಊರು. ಇದರಲ್ಲಿ ಊರಿಗೂ ಲಾಭವಿದೆ. ನಾವು ಅಲ್ಲಿ ದಿನಸಿ ಕೊಂಡೆವು, ಬಟ್ಟೆ ಒಗೆಸಿದೆವು, ಎರಡು ಹೊತ್ತು ಹೊರಗೆ ಊಟ ಮಾಡಿದೆವು. ಉಳಿದ ಬಾಡಿಗೆ ಊರಿನ ಅಂಗಡಿಗಳಿಗೆ ಹೋಯಿತು, ಹೋಗಬೇಕಾದದ್ದೇ.

ಇನ್ನು ಅವಸರ. ನವೆಂಬರಿನಲ್ಲಿ ಬೆಳಕು ಬೇಗ ಸೋಲುತ್ತದೆ. ಏಡಿ ಬೋನಿನ ಹಗ್ಗಗಳಿರುವ ನೀರಿನಲ್ಲಿ ಕತ್ತಲಲ್ಲಿ ಹೋಗುವುದು ನಮಗೆ ಒಪ್ಪಿಗೆಯಿಲ್ಲ. ಎಷ್ಟೋ ಸೇತುವೆಗಳು ಗೊತ್ತಾದ ಹೊತ್ತಿಗೆ ಮಾತ್ರ ತೆರೆಯುತ್ತವೆ. ಜಾರ್ಜಿಯಾದಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಏಳೆಂಟು ಅಡಿ. ಹೆಲ್ ಗೇಟ್, ಲಿಟ್ಲ್ ಮಡ್ ನದಿಯಂಥ ಕಡೆ ಹೂಳು ತುಂಬಿರುತ್ತದೆ. ಅಲ್ಲಿ ನೀರು ಏರುವಾಗಲೇ ದಾಟಬೇಕು. ತಳ ತಾಗಿದರೂ ಸ್ವಲ್ಪ ಹೊತ್ತಿಗೆ ನೀರೇ ಎತ್ತಿಕೊಡುತ್ತದೆ. ಇಳಿಯುವಾಗ ಸಿಕ್ಕಿಕೊಂಡರೆ ಆರೆಂಟು ಗಂಟೆ ವಾಲಿಕೊಂಡು ಕೂರಬೇಕು, ಇಲ್ಲವೇ ಎಳೆಯುವ ದೋಣಿ ಕರೆಸಬೇಕು. ನಮ್ಮ ಮುಂದಿದ್ದ ದೋಣಿಯವರು ಹಾಗೆ ಸಿಕ್ಕಿಕೊಂಡರು, ವಿಮಾನದ ಟಿಕೆಟ್ ತಪ್ಪುತ್ತದೆಂದು ಇಳಿತದಲ್ಲೇ ನುಗ್ಗಿದ್ದರು. ನಾವು ಲಂಗರು ಬಿಟ್ಟು ಅನ್ನ ಸಾರು ಮಾಡಿಕೊಂಡು ಉಬ್ಬರಕ್ಕೆ ಕಾದೆವು. ಟೋಬೋಟ್‌ಯುಎಸ್, ಸೀ ಟೋ ಥರದ ದೋಣಿ ಎಳೆಯುವ ಸೇವೆಗಳ ವಾರ್ಷಿಕ ಸದಸ್ಯತ್ವ ಇನ್ನೂರು ಡಾಲರ್ ಆಸುಪಾಸು. ಸದಸ್ಯರಲ್ಲದವರಿಗೆ ಗಂಟೆಗಳ ಲೆಕ್ಕ, ಬಿಲ್ಲು ಸಾವಿರ ಮುಟ್ಟುವುದು ಅಪರೂಪವಲ್ಲ. ಸದಸ್ಯತ್ವ ತೆಗೆದುಕೊಳ್ಳಿ. ಮರಳುವ ಟಿಕೆಟನ್ನು ಮಾತ್ರ ಮೊದಲೇ ಕೊಳ್ಳಬೇಡಿ. ಬಜೆಟ್ಟಿನಲ್ಲಿ ಡಾಲರಿಗಿಂತ ಮೊದಲು ಬಿಡುವಿನ ದಿನಗಳನ್ನು ಬರೆದಿಡಿ.

ಹಳೆಯ ದೋಣಿ ಕೊಳ್ಳುವವರು ಎರಡು ಅಳತೆ ನೋಡಬೇಕು. ಈ ದಾರಿಯ ಸ್ಥಿರ ಸೇತುವೆಗಳ ಎತ್ತರ ಸಾಮಾನ್ಯವಾಗಿ 65 ಅಡಿ, ಮಯಾಮಿಯ ಜೂಲಿಯಾ ಟಟ್ಲ್ ಸೇತುವೆ 56 ಅಡಿ. ಹಾಯಿಕಂಬ ಅದಕ್ಕಿಂತ ಎತ್ತರವಿದ್ದರೆ ಹೊರಗಿನ ಸಮುದ್ರವೇ ದಾರಿ. ನೀರಿನೊಳಗೆ ಐದಡಿಗಿಂತ ಹೆಚ್ಚು ಇಳಿಯುವ ದೋಣಿಗೆ ಹೆಜ್ಜೆಹೆಜ್ಜೆಗೂ ಆತಂಕ.

ಕೊನೆಗೆ ತೆರಿಗೆ. ವರ್ಜೀನಿಯಾದಲ್ಲಿ ದೋಣಿಯ ಮಾರಾಟ ತೆರಿಗೆ ಶೇ 2, ಹೆಚ್ಚೆಂದರೆ 2,000 ಡಾಲರ್. ಫ್ಲಾರಿಡಾದಲ್ಲಿ ಶೇ 6. ಕೊಂಡು ಆರು ತಿಂಗಳಾಗುವ ಮೊದಲೇ ಅಲ್ಲಿಗೆ ಒಯ್ದರೆ ಮಿಕ್ಕ ವ್ಯತ್ಯಾಸವನ್ನು ಅವರು ಕೇಳಬಹುದು. ಬೇರೆ ರಾಜ್ಯದ ನೋಂದಣಿಯ ಮೇಲೆ ಸತತ 90 ದಿನ ಇರಬಹುದು, ಆಮೇಲೆ ಅಲ್ಲಿಯೇ ನೋಂದಾಯಿಸಬೇಕು. ನಮ್ಮ ಯಜಮಾನರು ಕ್ರಯಪತ್ರ, ತೆರಿಗೆ ರಸೀದಿ, ದಾರಿಯ ಮರೀನಾಗಳ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೀರು ತಾಗದ ಚೀಲದಲ್ಲಿ ಇಟ್ಟಿದ್ದರು. ದೋಣಿ ಯಾವತ್ತು ಎಲ್ಲಿತ್ತು ಎಂದು ಯಾರಾದರೂ ಕೇಳಿದರೆ ತೋರಿಸಲು ಬೇಕಾಗುವುದು ಆ ಕಾಗದಗಳೇ.