ದೇಹಭಾರದ ಇಳಿಕೆ, ಬಳಲಿಕೆ ಮತ್ತು ರಕ್ತಶರ್ಕರೆ : ಒಂದು ವಿವೇಚನೆ

ಶ್ರಮವನ್ನು ಸೂಚಿಸುವ ಶಬ್ದಗಳಿಗೆ ಕನ್ನಡದಲ್ಲಿ ಬಡತನವಿಲ್ಲ. ದುಡಿದು ಬಂದವನಿಗೆ ಆಗುವುದು ದಣಿವು. ದಿನಗಟ್ಟಲೆ ಉಳಿದು ಮೈಮನಗಳೆರಡನ್ನೂ ಕುಂದಿಸುವುದು ಬಳಲಿಕೆ. ಕಾರಣವೇ ತಿಳಿಯದೆ ಕೈಕಾಲುಗಳ ಕಸುವು ಇಲ್ಲವಾಗುವುದು ನಿಶ್ಶಕ್ತಿ. ಪಾರಸಿಯಿಂದ ಬಂದು ನೆಲೆಸಿದ ‘ಸುಸ್ತು’ ಎಂಬ ಮಾತು ಇಂದು ಈ ಮೂರರ ಸ್ಥಾನವನ್ನೂ ಆಕ್ರಮಿಸಿಕೊಂಡಿದೆ. ಶಬ್ದ ಒಂದೇ ಆದಾಗ ಅರ್ಥಭೇದವೂ ಮರೆಯಾಗುವುದು ಸಹಜ. ಮೈ ಇಳಿಸಲು ಹೊರಟವರ ವಿಷಯದಲ್ಲಂತೂ ಈ ಮರೆವು ಅಪಾಯಕರ. ಊಟ ಕಡಿಮೆ ಮಾಡಿದ ಎಂಟು ದಿನಗಳಲ್ಲಿ ಸುಸ್ತು ತೋರಿತೆಂದರೆ ಕೆಲವರು ಸಕ್ಕರೆ ಇಳಿಯಿತೆಂದು ಬೆಲ್ಲದ ಡಬ್ಬಿಗೆ ಕೈಹಾಕುತ್ತಾರೆ. ಮತ್ತೆ ಕೆಲವರು ಕೊಬ್ಬು ಕರಗುತ್ತಿದೆಯೆಂದು ಹಿಗ್ಗಿ ರಾತ್ರಿಯ ಊಟವನ್ನೂ ಬಿಡುತ್ತಾರೆ. ಮೊದಲಿನವರಲ್ಲಿ ಬಹುಮಂದಿಗೆ ಸಕ್ಕರೆ ಇಳಿದಿರುವುದಿಲ್ಲ. ಎರಡನೆಯವರಲ್ಲಿ ಕೆಲವರಿಗೆ ನಿಜವಾಗಿಯೂ ಇಳಿದಿರುತ್ತದೆ.

ಸಕ್ಕರೆ ಎಂಬುದು ಸಂಸ್ಕೃತದ ‘ಶರ್ಕರಾ’ ಶಬ್ದದ ತದ್ಭವ. ಮೂಲದಲ್ಲಿ ಅದಕ್ಕೆ ಹರಳು, ಮರಳುಗಲ್ಲು ಎಂಬ ಅರ್ಥವೂ ಉಂಟು. ಆದರೆ ರಕ್ತದಲ್ಲಿರುವ ಸಕ್ಕರೆ ಅಡಿಗೆಮನೆಯ ಸಕ್ಕರೆಯಲ್ಲ, ಅದು ಗ್ಲೂಕೋಸ್. ಅಡಿಗೆಮನೆಯ ಸಕ್ಕರೆ ಕರುಳಿನಲ್ಲಿ ಒಡೆದಾಗ ಅದರ ಅರ್ಧಭಾಗ ಮಾತ್ರ ಗ್ಲೂಕೋಸ್ ಆಗುತ್ತದೆ. ವಯಸ್ಕನೊಬ್ಬನ ಸಮಸ್ತ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಸುಮಾರು ಒಂದು ಚಹಾ ಚಮಚೆಯಷ್ಟು! ಮಿದುಳು ಒಂದೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸನ್ನು ವ್ಯಯಿಸುತ್ತದೆ. ಇಷ್ಟು ಅಲ್ಪ ಬಂಡವಾಳದಿಂದ ಅಷ್ಟು ದೊಡ್ಡ ವೆಚ್ಚವನ್ನು ತೂಗಿಸುವ ಉಗ್ರಾಣವೆಂದರೆ ಯಕೃತ್ತು. ಫ್ರಾನ್ಸಿನ ಶರೀರಶಾಸ್ತ್ರಜ್ಞ ಕ್ಲಾಡ್ ಬರ್ನಾರ್ಡ್ 1857ರಲ್ಲಿ ಯಕೃತ್ತಿನಿಂದ ಗ್ಲೈಕೊಜೆನ್ ಎಂಬ ಪಿಷ್ಟಸದೃಶ ವಸ್ತುವನ್ನು ಬೇರ್ಪಡಿಸಿ ತೋರಿಸಿದನು. ಊಟ ಮಾಡಿದವನ ಯಕೃತ್ತಿನಲ್ಲಿ ಇದು ಸುಮಾರು 100 ಗ್ರಾಂ ಇರುತ್ತದೆ. ಹೊಟ್ಟೆ ಬರಿದಾದಾಗ ಗ್ಲುಕಗಾನ್ ಎಂಬ ಸ್ರಾವದ ಆಜ್ಞೆಯಂತೆ ಈ ಉಗ್ರಾಣ ತೆರೆಯುತ್ತದೆ. ಅದು ಮುಗಿಯುತ್ತ ಬಂದರೆ ಯಕೃತ್ತು ಇತರ ವಸ್ತುಗಳಿಂದ ಹೊಸ ಗ್ಲೂಕೋಸನ್ನೇ ತಯಾರಿಸುತ್ತದೆ. ಆದ್ದರಿಂದ ಔಷಧವೇನನ್ನೂ ಸೇವಿಸದ ಆರೋಗ್ಯವಂತನು ಒಂದು ಹೊತ್ತಿನ ಊಟ ಬಿಟ್ಟ ಮಾತ್ರಕ್ಕೆ ಅವನ ರಕ್ತಶರ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದಿಲ್ಲ. ಹಸಿವಾಗಬಹುದು, ಸಿಟ್ಟು ಬರಬಹುದು. ಅದು ಬೇರೆ ಮಾತು.

ಮಧುಮೇಹಿಗಳಲ್ಲಿ ಡೆಸಿಲೀಟರ್ ರಕ್ತಕ್ಕೆ 70 ಮಿಲಿಗ್ರಾಂಗಿಂತ ಕಡಿಮೆಯಾದರೆ ಎಚ್ಚರಿಕೆಯ ಮಟ್ಟವೆಂದೂ, 54ಕ್ಕಿಂತ ಕೆಳಗಿಳಿದರೆ ಗಂಭೀರವೆಂದೂ ವೈದ್ಯರು ಎಣಿಸುತ್ತಾರೆ. ಅಮೆರಿಕದ ಶಸ್ತ್ರವೈದ್ಯ ಅಲೆನ್ ವಿಪಲ್ 1938ರಲ್ಲಿ ಹೇಳಿದ ಮೂರು ಲಕ್ಷಣಗಳು ಇಂದಿಗೂ ಒರೆಗಲ್ಲಾಗಿ ಉಳಿದಿವೆ: ಚಿಹ್ನೆಗಳು ತೋರಬೇಕು, ಆ ಹೊತ್ತಿನಲ್ಲಿಯೇ ಅಳೆದಾಗ ಸಕ್ಕರೆ ಕಡಿಮೆಯಿರಬೇಕು, ಸಕ್ಕರೆ ಕೊಟ್ಟೊಡನೆ ಚಿಹ್ನೆಗಳು ಶಮನವಾಗಬೇಕು. ಎರಡನೆಯದನ್ನು ಬಿಟ್ಟು ಮೊದಲನೆಯದರಿಂದ ನೇರವಾಗಿ ಮೂರನೆಯದಕ್ಕೆ ಹಾರುವುದೇ ಲೋಕರೂಢಿ. ಬಹುಕಾಲ 300ರ ಸುತ್ತ ಸಕ್ಕರೆಯಿದ್ದವನಿಗೆ ಅದು ಶೀಘ್ರವಾಗಿ 150ಕ್ಕೆ ಇಳಿದಾಗಲೂ ನಡುಕ, ಬೆವರು ತೋರುವುದುಂಟು; ಅವನಿಗೆ ಬೇಕಾದುದು ಸಿಹಿಯಲ್ಲ, ಕೆಲವು ದಿನಗಳ ಅಭ್ಯಾಸ. ಮಾಪಕಯಂತ್ರವಿಲ್ಲದೆ ಈ ಭೇದವನ್ನು ತಿಳಿಯುವ ಉಪಾಯವಿಲ್ಲ.

ನಿಜವಾದ ಅಪಾಯ ಯಾರಿಗೆ? ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಮತ್ತು ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಮುಂತಾದ ಸಲ್ಫೊನಿಲ್‌ಯೂರಿಯ ವರ್ಗದ ಗುಳಿಗೆಗಳನ್ನು ಸೇವಿಸುವವರಿಗೆ. 1921ರಲ್ಲಿ ಕೆನಡದ ಟೊರಾಂಟೊ ನಗರದಲ್ಲಿ ಇನ್ಸುಲಿನ್ ಕೈಗೆ ಬಂದು, ಮರುವರ್ಷದಿಂದ ರೋಗಿಗಳಿಗೆ ದೊರೆತಾಗ ಲೆಕ್ಕವಿಲ್ಲದಷ್ಟು ಪ್ರಾಣಗಳು ಉಳಿದವು. ಅದರೊಡನೆಯೇ ಸಕ್ಕರೆ ಅತಿಯಾಗಿ ಇಳಿಯುವ ಹೊಸ ಭಯವೂ ಹುಟ್ಟಿತು. ಶರೀರ ತಾನೇ ಸ್ರವಿಸುವ ಇನ್ಸುಲಿನ್ ಊಟವನ್ನು ನೋಡಿ ಬರುತ್ತದೆ. ಹೊರಗಿನಿಂದ ಕೊಟ್ಟದ್ದು ಗಡಿಯಾರವನ್ನು ನೋಡಿ ಬರುತ್ತದೆ. ಮೇಲೆ ಹೇಳಿದ ಗುಳಿಗೆಗಳೂ ಹಾಗೆಯೇ, ಉಂಡಿರಲಿ ಉಣದಿರಲಿ, ಮೇದೋಜೀರಕ ಗ್ರಂಥಿಯನ್ನು ಹಿಂಡುತ್ತಲೇ ಇರುತ್ತವೆ. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಲ್ಲಿ ಈ ಭಯ ತೀರ ಕಡಿಮೆ. ಆದರೆ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡನ್ನು ಸೇರಿಸಿದ ಜೋಡಿಗುಳಿಗೆಗಳು ನಮ್ಮ ನಾಡಿನ ಅಂಗಡಿಗಳಲ್ಲಿ ಹೇರಳ. ‘ಒಂದೇ ಗುಳಿಗೆ’ ಎಂದು ನುಂಗುವವನಿಗೆ ಅದರೊಳಗೆ ಎರಡು ಔಷಧಗಳಿರುವುದು ತಿಳಿದಿರುವುದಿಲ್ಲ. ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳನ್ನು ಓದುವ ಶ್ರಮವನ್ನು ಅಕ್ಷರಸ್ಥರಾದರೂ ವಹಿಸಬೇಕು.

ನಿವೃತ್ತ ಅಧ್ಯಾಪಕರೊಬ್ಬರನ್ನು ಊಹಿಸಿಕೊಳ್ಳಬಹುದು. ತೂಕ ಎಂಟು ಕಿಲೋ ಇಳಿಯಲೆಂದು ಅವರು ಎರಡು ಮುದ್ದೆಯನ್ನು ಒಂದಕ್ಕೆ ಇಳಿಸಿ, ಅನ್ನವನ್ನು ಕೈಬಿಟ್ಟು, ಬೆಳಗಿನ ನಡಿಗೆಯನ್ನು ಒಂದು ಗಂಟೆಗೆ ಏರಿಸುತ್ತಾರೆ. ಗುಳಿಗೆ ಮಾತ್ರ ಮೊದಲಿನಷ್ಟೇ. ಹನ್ನೊಂದು ಗಂಟೆಗೆ ಕೈ ನಡುಗಿ ಬೆವರು ಕಿತ್ತು ಬರುತ್ತದೆ; ಮನೆಯವರು ಗಾಬರಿಯಿಂದ ಎರಡು ಲಾಡು ತಿನ್ನಿಸುತ್ತಾರೆ. ಬೆಳಗಿನಿಂದ ಉಳಿಸಿದ ಕ್ಯಾಲೊರಿಗಳೆಲ್ಲ ಐದು ನಿಮಿಷದಲ್ಲಿ ಮರಳಿ ಬಂದಂತಾಯಿತು. ಹೀಗೆ ವಾರಕ್ಕೆ ಮೂರು ಸಲ ನಡೆದರೆ ತೂಕ ಇಳಿಯುವುದಿಲ್ಲ, ಏರಿದರೂ ಆಶ್ಚರ್ಯವಿಲ್ಲ. ಅವರಲ್ಲಿ ಮನೋನಿಗ್ರಹದ ಕೊರತೆಯೇನೂ ಇಲ್ಲ. ಆಹಾರ ಇಳಿದಾಗ ಔಷಧ ಇಳಿಯದಿದ್ದುದೇ ದೋಷ. ಪದೇ ಪದೇ ಸಕ್ಕರೆ ಇಳಿಯುತ್ತಿದ್ದರೆ ಅದಕ್ಕೆ ಉತ್ತರ ಹೆಚ್ಚು ಸಿಹಿಯಲ್ಲ, ಔಷಧದ ಪರಿಷ್ಕರಣ. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಮೊದಲ ಫಲಿತಾಂಶ ಪ್ರಕಟವಾದ ‘ಡೈರೆಕ್ಟ್’ ಎಂಬ ಅಧ್ಯಯನದಲ್ಲಿ 306 ಮಧುಮೇಹಿಗಳಿದ್ದರು. ಇನ್ಸುಲಿನ್ ಚುಚ್ಚಿಕೊಳ್ಳುವವರನ್ನು ಅದರಲ್ಲಿ ಸೇರಿಸಿರಲಿಲ್ಲ. ಅವರಲ್ಲಿ ಅರ್ಧದಷ್ಟು ಜನರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಪಥ್ಯ ಕೊಡಲಾಯಿತು. ಪಥ್ಯ ಆರಂಭವಾದ ದಿನವೇ ಅವರ ಮಧುಮೇಹದ ಗುಳಿಗೆಗಳನ್ನು ನಿಲ್ಲಿಸಲಾಯಿತು. ವರ್ಷದ ಕೊನೆಗೆ ಅವರಲ್ಲಿ ನೂರಕ್ಕೆ 46 ಮಂದಿ ಗುಳಿಗೆಯಿಲ್ಲದೆಯೇ ಮಧುಮೇಹದ ಮಟ್ಟದಿಂದ ಕೆಳಗಿದ್ದರು. ಇದನ್ನು ಓದಿ ಯಾರೂ ತಾವಾಗಿಯೇ ಔಷಧ ಬಿಡತಕ್ಕದ್ದಲ್ಲ. ಇನ್ಸುಲಿನ್ ಅಂತೂ ಹಾಗೆ ಬಿಟ್ಟರೆ ಪ್ರಾಣಾಪಾಯವೇ ಸಂಭವಿಸಬಹುದು. ಪಥ್ಯವನ್ನು ಆರಂಭಿಸುವ ಮೊದಲೇ ವೈದ್ಯರಿಗೆ ತಿಳಿಸಿ ಪ್ರಮಾಣವನ್ನು ನಿಶ್ಚಯಿಸಿಕೊಳ್ಳಬೇಕೆಂಬುದಷ್ಟೇ ತಾತ್ಪರ್ಯ. ತೂಕ ಇಳಿಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳು 2025ರಲ್ಲಿ ಭಾರತದ ಮಾರುಕಟ್ಟೆಗೂ ಬಂದಿವೆ. ಅವು ಒಂಟಿಯಾಗಿ ಸಕ್ಕರೆಯನ್ನು ಅತಿಯಾಗಿ ಇಳಿಸುವುದು ವಿರಳ. ಇನ್ಸುಲಿನ್ ಅಥವಾ ಮೇಲ್ಕಂಡ ಗುಳಿಗೆಗಳೊಡನೆ ಸೇರಿದರೆ ಅದೇ ಎಚ್ಚರಿಕೆ ಅವಕ್ಕೂ ಅನ್ವಯಿಸುತ್ತದೆ.

ಸಕ್ಕರೆ ಇಳಿದಾಗ ಮೊದಲು ಬೆವರು, ನಡುಕ, ಎದೆಬಡಿತ, ತಡೆಯಲಾರದ ಹಸಿವು. ಅನಂತರ ಮಾತಿನ ತೊದಲು, ಗಲಿಬಿಲಿ, ಕಾರಣವಿಲ್ಲದ ಕೋಪ. ಕುಡಿದವನೆಂದು ನೆರೆಯವರು ತಪ್ಪು ತಿಳಿದು ದೂರ ಸರಿದರೆ ಅಮೂಲ್ಯವಾದ ಹೊತ್ತು ವ್ಯರ್ಥವಾಗುತ್ತದೆ. ರಕ್ತದೊತ್ತಡಕ್ಕೆಂದು ಅಟೆನೊಲಾಲ್‌ನಂತಹ ಔಷಧ ಸೇವಿಸುವವರಲ್ಲಿ ನಡುಕ, ಎದೆಬಡಿತಗಳು ತೋರದೆ ಬೆವರೊಂದೇ ಸುಳಿವಾಗಿ ಉಳಿಯಬಹುದು. ಚಿಕಿತ್ಸೆ ಸರಳ: 15 ಗ್ರಾಂ ಗ್ಲೂಕೋಸ್ ಪುಡಿ ಅಥವಾ ಮೂರು ಚಹಾ ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಕಾದು, ಮತ್ತೆ ಅಳೆಯುವುದು, 70ಕ್ಕೆ ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಚೇತರಿಸಿದ ಮೇಲೆ ಊಟದ ಹೊತ್ತು ದೂರವಿದ್ದರೆ ಒಂದು ರೊಟ್ಟಿಯನ್ನೋ ಬಟ್ಟಲು ಅವಲಕ್ಕಿಯನ್ನೋ ತಿನ್ನಬೇಕು. ಧಾರವಾಡದ ಪೇಡೆ, ಮೈಸೂರುಪಾಕು, ಚಾಕೊಲೇಟುಗಳು ಈ ಸಂದರ್ಭಕ್ಕೆ ಸಲ್ಲವು. ಅವುಗಳಲ್ಲಿನ ಕೊಬ್ಬು ಸಿಹಿಯನ್ನು ರಕ್ತಕ್ಕೆ ಸೇರಗೊಡದೆ ತಡೆಹಿಡಿಯುತ್ತದೆ, ತೂಕವನ್ನಂತೂ ತಪ್ಪದೆ ಹೆಚ್ಚಿಸುತ್ತದೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇವಿಸುವವರಿಗೆ ಗ್ಲೂಕೋಸ್ ಪುಡಿಯೇ ಬೇಕು; ಅಡಿಗೆಮನೆಯ ಸಕ್ಕರೆ ಕರುಳಿನಲ್ಲಿ ಒಡೆಯುವುದನ್ನೇ ಆ ಔಷಧಗಳು ನಿಧಾನಿಸುತ್ತವೆಯಾದ್ದರಿಂದ ಅದು ತಡವಾಗಿ ಫಲಿಸುತ್ತದೆ. ಪ್ರಜ್ಞೆ ತಪ್ಪಿದವನ ಬಾಯಿಗೆ ಏನನ್ನೂ ಹೊಯ್ಯಬಾರದು, ಅದು ಶ್ವಾಸನಾಳಕ್ಕಿಳಿಯಬಹುದು. ಪಕ್ಕಕ್ಕೆ ಹೊರಳಿಸಿ ಮಲಗಿಸಿ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಮೂತ್ರಪಿಂಡ ದುರ್ಬಲವಾದ ವೃದ್ಧರಲ್ಲಿ ಗುಳಿಗೆಯ ಪ್ರಭಾವ ಬಹುಕಾಲ ಉಳಿದು, ಒಮ್ಮೆ ಚೇತರಿಸಿದ ಮೇಲೂ ಸಕ್ಕರೆ ಮತ್ತೆ ಇಳಿಯಬಹುದಾದ ಕಾರಣ ಅಂಥವರನ್ನು ಒಬ್ಬರನ್ನೇ ಬಿಡಬಾರದು.

ಇನ್ನು ಔಷಧವಿಲ್ಲದವರ ಬಳಲಿಕೆ. ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೊಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆಯ ಊಟ ಕೊಟ್ಟು ಪರೀಕ್ಷಿಸಿದನು. ಅವರ ತೂಕ ನಾಲ್ಕರಲ್ಲೊಂದು ಭಾಗದಷ್ಟು ಇಳಿಯಿತು. ಅದರೊಡನೆ ಬಲ ಕುಗ್ಗಿತು, ಚಳಿ ತಡೆಯದಾಯಿತು, ಏಕಾಗ್ರತೆ ಕದಲಿತು. ಅಡಿಗೆಯ ಪುಸ್ತಕಗಳನ್ನು ಓದುವುದೇ ಕೆಲವರಿಗೆ ಹವ್ಯಾಸವಾಯಿತು. ಒಮ್ಮೆಗೇ ಊಟವನ್ನು ಅರ್ಧಕ್ಕಿಳಿಸಿ ಐದು ತಾಸು ಪಾಠ ಹೇಳಲು ಹೊರಟ ಅಧ್ಯಾಪಕನು ತನ್ನ ಮರೆವಿಗೂ ಮುಂಗೋಪಕ್ಕೂ ಕಾರಣವನ್ನು ಇಲ್ಲಿ ಕಾಣಬಹುದು. ಮೊದಲ ವಾರದಲ್ಲಿ ಬೇಗ ಇಳಿಯುವ ತೂಕದ ಬಹುಭಾಗ ಗ್ಲೈಕೊಜೆನ್ ಮತ್ತು ಅದರೊಡನಿದ್ದ ನೀರು. ಆಗ ನೀರೂ ಉಪ್ಪೂ ತೀರ ಕಡಿಮೆಯಾದರೆ ಎದ್ದುನಿಂತಾಗ ತಲೆ ತಿರುಗುತ್ತದೆ. ಅದಕ್ಕೆ ಮಜ್ಜಿಗೆ ಮದ್ದು, ಬೆಲ್ಲವಲ್ಲ. ವಾರಕ್ಕೆ ಅರ್ಧ ಕಿಲೋದಿಂದ ಒಂದು ಕಿಲೋದವರೆಗಿನ ಇಳಿಕೆ ಸಾಕು. ಬೇಳೆ, ಹೆಸರುಕಾಳು, ಹುರುಳಿ, ಮೊಸರುಗಳಿಂದ ಸಸಾರಜನಕ ಸಾಕಷ್ಟು ದೊರೆಯದಿದ್ದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ಮೆಟ್ಟಿಲೇರುವಾಗಿನ ನಿಶ್ಶಕ್ತಿಗೆ ಅದೇ ಮೂಲ. ಹೆಂಗಸರ ವಿಷಯದಲ್ಲಿ ರಕ್ತಹೀನತೆಯನ್ನು ಮೊದಲು ಪರೀಕ್ಷಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಥೈರಾಯ್ಡ್ ಗ್ರಂಥಿಯ ಮಾಂದ್ಯ, ನಿದ್ರೆಯಲ್ಲಿ ಉಸಿರು ಕಟ್ಟುವುದು, ಇವನ್ನೂ ಮರೆಯುವಂತಿಲ್ಲ. ಔಷಧವಿಲ್ಲದೆಯೂ ಮಾಪಕದಲ್ಲಿ ಸಕ್ಕರೆ ಮತ್ತೆಮತ್ತೆ ಕಡಿಮೆ ತೋರಿದರೆ, ವಿಶೇಷವಾಗಿ ಜಠರದ ಶಸ್ತ್ರಚಿಕಿತ್ಸೆಯಾದವರಲ್ಲಿ, ಅದು ವೈದ್ಯರೇ ಶೋಧಿಸತಕ್ಕ ವಿಷಯ.

ಬೆಳಿಗ್ಗೆ ಬರಿಯ ಪಿಷ್ಟವನ್ನು ತಿಂದವರಿಗೆ ಎರಡು ಮೂರು ಗಂಟೆಗಳ ಬಳಿಕ ಸಕ್ಕರೆ ಮೊದಲಿದ್ದುದಕ್ಕಿಂತ ಕೊಂಚ ಕೆಳಗಿಳಿಯುವುದುಂಟು. ಅದು ರೋಗವಲ್ಲ. ಆದರೆ ಆ ಇಳಿತ ಹೆಚ್ಚಾಗಿರುವವರಿಗೆ ಬೇಗ ಹಸಿವಾಗಿ ದಿನದ ಒಟ್ಟು ಆಹಾರವೂ ಹೆಚ್ಚುತ್ತದೆಂದು ಸಾವಿರಕ್ಕೂ ಮಿಕ್ಕ ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನವೊಂದು ತಿಳಿಸಿದೆ. ರಾಗಿಯೆಂದ ಮಾತ್ರಕ್ಕೆ ಸಕ್ಕರೆ ಏರದೆಂಬ ನಂಬಿಕೆಯೂ ಪೂರ್ಣಸತ್ಯವಲ್ಲ. ನುಣ್ಣನೆಯ ಹಿಟ್ಟಿನ ತೆಳು ಅಂಬಲಿ ಬೇಗ ಜೀರ್ಣವಾಗುತ್ತದೆ. ಜೋಳದ ರೊಟ್ಟಿಯಾಗಲಿ ಮುದ್ದೆಯಾಗಲಿ, ಮೊಳಕೆಕಾಳಿನ ಪಲ್ಯವೂ ಸೊಪ್ಪಿನ ಸಾರೂ ಜೊತೆಗಿದ್ದರೆ ಸಕ್ಕರೆ ಮೆಲ್ಲನೆ ಏರಿ ಮೆಲ್ಲನೆ ಇಳಿಯುತ್ತದೆ.

ಈ ವಿಚಾರದಲ್ಲಿ ಪ್ರಾಚೀನರ ದೃಷ್ಟಿ ಕುತೂಹಲಕರವಾಗಿದೆ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯ ಅತಿಸ್ಥೂಲ, ಅತಿಕೃಶರನ್ನು ಕುರಿತದ್ದು. ಸ್ಥೂಲನ ಜಠರಾಗ್ನಿ ತೀಕ್ಷ್ಣವಾದುದರಿಂದ ಅವನಿಗೆ ಆಹಾರ ಬೇಗ ಜೀರ್ಣವಾಗಿ ಹಸಿವು ಹೆಚ್ಚುತ್ತದೆಂದೂ, ಊಟದ ಕಾಲ ತಪ್ಪಿದರೆ ಅವನು ಘೋರವಾದ ವಿಕಾರಗಳಿಗೆ ಗುರಿಯಾಗುತ್ತಾನೆಂದೂ ಅಲ್ಲಿ ಹೇಳಿದೆ. ಅವನಿಗೆ ವಿಹಿತವಾದ ಆಹಾರ ಯಾವುದು? ಹೊಟ್ಟೆಗೆ ಗುರುವಾಗಿರಬೇಕು, ಆದರೆ ಮೈಯನ್ನು ಬೆಳೆಸಬಾರದು. ಜವೆ, ಸಾಮೆ, ಹಾರಕ, ಹೆಸರು, ಹುರುಳಿಗಳನ್ನು ಅಲ್ಲಿ ಹೆಸರಿಸಲಾಗಿದೆ. ಉಪವಾಸದಿಂದ ಒಣಗಿಸು ಎನ್ನದೆ, ಹೊತ್ತನ್ನು ಕಾಯ್ದುಕೊಂಡು ದ್ರವ್ಯವನ್ನು ಬದಲಿಸು ಎಂಬ ಈ ವಿವೇಕಕ್ಕೆ ಇಂದಿನ ಪಥ್ಯತಜ್ಞರೂ ತಲೆದೂಗಬಹುದು. ವ್ಯಾಯಾಮವನ್ನು ಕ್ರಮಕ್ರಮವಾಗಿ ಹೆಚ್ಚಿಸಬೇಕೆಂಬ ಮಾತೂ ಅಷ್ಟೇ ಗ್ರಾಹ್ಯ. ಜಾಗರಣೆಯನ್ನೂ ಹಾಗೆಯೇ ಹೆಚ್ಚಿಸಬೇಕೆಂಬ ವಿಧಿ ಮಾತ್ರ ಇಂದು ಒಪ್ಪತಕ್ಕದ್ದಲ್ಲ. ನಿದ್ರೆಗೆಟ್ಟವನ ಹಸಿವು ಹೆಚ್ಚುತ್ತದೆಂಬುದು ಈಗ ಸಿದ್ಧವಾದ ಸಂಗತಿ. ಪ್ರಾಚೀನವೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ತಲೆಯ ಮೇಲೆ ಹೊರಬೇಕಾದ್ದಿಲ್ಲ.

ಶ್ರಾವಣ ಸೋಮವಾರ, ಮಹಾಶಿವರಾತ್ರಿಗಳ ಉಪವಾಸವನ್ನು ತೂಕದ ಇಳಿಕೆಗೂ ಒದಗಿಸಿಕೊಳ್ಳುವ ರೂಢಿ ಈಚೆಗೆ ಬೆಳೆಯುತ್ತಿದೆ. ಹಗಲೆಲ್ಲ ನಿರಾಹಾರವಿದ್ದು ಸಂಜೆ ಸಾಬೂದಾಣೆಯ ಖಿಚಡಿ, ಬಾಳೆಹಣ್ಣು, ಬೆಲ್ಲದ ಪಾನಕಗಳನ್ನು ತುಂಬ ಸೇವಿಸಿದರೆ ತೂಕಕ್ಕೂ ಸಕ್ಕರೆಗೂ ಹಿತವಾಗಲಾರದು. ಇನ್ಸುಲಿನ್ ಅಥವಾ ಸಲ್ಫೊನಿಲ್‌ಯೂರಿಯ ಸೇವಿಸುವವರು ಉಪವಾಸಕ್ಕೆ ಮುನ್ನ, ಅದೇ ದಿನ ಬೆಳಿಗ್ಗೆಯಲ್ಲ, ಕೆಲವು ದಿನಗಳ ಮೊದಲೇ ವೈದ್ಯರನ್ನು ಕಂಡು ಆ ದಿನದ ಔಷಧದ ಪ್ರಮಾಣವನ್ನು ಕೇಳಿಕೊಳ್ಳಬೇಕು. ಹಗಲಿನಲ್ಲಿ ಮೂರು ನಾಲ್ಕು ಸಲ ಸಕ್ಕರೆಯನ್ನು ಅಳೆಯಬೇಕು. ದೂರ ನಡೆಯುವುದನ್ನೂ ವಾಹನ ನಡೆಸುವುದನ್ನೂ ಆ ದಿನ ವರ್ಜಿಸಬೇಕು. ಮಾಪಕದ ಅಂಕ 70ಕ್ಕಿಂತ ಕೆಳಗಿಳಿದರೆ, ಪೂಜೆ ಮುಗಿದಿರಲಿ ಮುಗಿಯದಿರಲಿ, ಉಪವಾಸವನ್ನು ಅಲ್ಲಿಗೇ ನಿಲ್ಲಿಸಿ ಗ್ಲೂಕೋಸ್ ಸೇವಿಸತಕ್ಕದ್ದು.