ಅಗಲ ಟೈರು ಮತ್ತು ನನ್ನ ತಪ್ಪು ವಾಕ್ಯ

ಬೆಳಗಾವಿಯ ಡಾಂಬರಿನಿಂದ ಖಾನಾಪುರದ ಕೆಮ್ಮಣ್ಣಿನ ದಾರಿಗಿಳಿಯುವ ನನ್ನ ಹಳೆಯ ರೇಸ್ ಸೈಕಲ್ಲಿಗೆ 27×1 ತೆಗೆದು 27×1¼ ಟೈರು ಹಾಕಿಸಬೇಕಿತ್ತು. ಅದನ್ನೇ 8ನೇ ತರಗತಿಯ ‘ಬಲ ಮತ್ತು ಒತ್ತಡ’ ಪಾಠಕ್ಕೆ ಉದಾಹರಣೆಯಾಗಿ ಒಯ್ದೆ. “ಟೈರು ಅಗಲವಾದರೆ ನೆಲದ ಮೇಲಿನ ಒತ್ತಡ ಕಡಿಮೆ” ಎಂದು ಬೋರ್ಡಿನ ಮೇಲೆ ಬರೆದೆ.

“ಸರ್, ಹವಾ ಮೊದಲಿನಷ್ಟ ಹೊಡದ್ರ?” ಎಂದಳು ಹಿಂದಿನ ಬೆಂಚಿನ ಹುಡುಗಿ. ನನ್ನ ಪಾಠಯೋಜನೆಯಲ್ಲಿ ಉತ್ತರವಿರಲಿಲ್ಲ. ನಾಳೆ ನೋಡೋಣ ಎಂದೆ.

ಮರುದಿನ ಎಲ್ಲರೂ ಲೆಕ್ಕ ಹಾಕಿದೆವು. ಹಿಂದಿನ ಗಾಲಿಯ ಮೇಲೆ 450 ನ್ಯೂಟನ್ ಭಾರ ಎಂದುಕೊಳ್ಳೋಣ. ಹವಾ ಚದರ ಸೆಂ.ಮೀ.ಗೆ 50 ನ್ಯೂಟನ್ ಇದ್ದರೆ ನೆಲಕ್ಕೆ ತಾಗುವುದು ಸುಮಾರು 9 ಚದರ ಸೆಂ.ಮೀ.; 30ಕ್ಕೆ ಇಳಿಸಿದರೆ 15. ಟೈರಿನ ಅಗಲ ಲೆಕ್ಕದಲ್ಲಿ ಬರಲೇ ಇಲ್ಲ! ಮತ್ತೆ ಅಗಲ ಯಾಕೆ? ಸಣ್ಣ ಟೈರಿನ ಹವಾ ಇಳಿಸಿದರೆ ಕಲ್ಲಿಗೆ ರಿಮ್ ಬಡಿದು ಟ್ಯೂಬು ಹರಿಯುತ್ತದೆ, ಅಗಲದ್ದು ತಾಳಿಕೊಳ್ಳುತ್ತದೆ.

ಹಿಂದಿನ ದಿನದ ವಾಕ್ಯವನ್ನು ಮಕ್ಕಳು ನೋಟ್‌ಬುಕ್ಕಿನಲ್ಲಿ ತಿದ್ದಿದರು. ನಾನು ಪಾಠಯೋಜನೆಯಲ್ಲಿ ತಿದ್ದಿದೆ.