ಎಳೆಗೂಸಿನ ತಲೆಯ ಊತ: ಕಾಯುವುದು ಯಾವಾಗ, ಓಡುವುದು ಯಾವಾಗ?

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಸುತ್ತಲಿನ ಊರುಗಳಲ್ಲಿ ಇಂದು ಹೆರಿಗೆಗಳು ಹೆಚ್ಚಾಗಿ ಆಸ್ಪತ್ರೆಯಲ್ಲಿಯೇ ಆಗುತ್ತವೆ. ಆದರೆ ಬಾಣಂತಿ ಮನೆಗೆ ಬಂದ ಮೇಲೆ ಮಗುವಿನ ತಲೆಯಲ್ಲಿ ಊತ ಕಂಡರೆ, ಅದನ್ನು ಮೊದಲು ಗುರುತಿಸಬೇಕಾದವರು ಮನೆಯವರೇ.

ಊತದ ಬಗೆಗಳು

ಎಳೆಗೂಸಿನ ತಲೆಬುರುಡೆಯ ಮೂಳೆಗಳು ಇನ್ನೂ ಬೆಸೆದುಕೊಂಡಿರುವುದಿಲ್ಲ. ಒಂದೊಂದು ಮೂಳೆಯನ್ನು ಗದ್ದೆಯ ಒಂದೊಂದು ಮಡಿ ಎಂದೂ, ನಡುವಿನ ಸಂದುಗಳನ್ನು ಬದು ಎಂದೂ ಭಾವಿಸಿರಿ.

1. ಹುಟ್ಟುವಾಗಲೇ ಇರುವ ಮೆತ್ತನೆಯ ಊತ: ಹೆರಿಗೆಯ ಒತ್ತಡದಿಂದ ಚರ್ಮದಡಿ ನೀರು ಸೇರಿರುತ್ತದೆ. ಬದು ದಾಟಿ ಹರಡಿದ್ದರೂ ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ.

2. ಒಂದೇ ಮಡಿಯಲ್ಲಿ ನಿಲ್ಲುವ ಊತ: ಮೂಳೆಗೂ ಅದರ ಪೊರೆಗೂ ನಡುವೆ ರಕ್ತ ಸೇರಿರುತ್ತದೆ. ಹುಟ್ಟಿದ ಕೆಲವು ಗಂಟೆಗಳ ಅಥವಾ ಒಂದೆರಡು ದಿನಗಳ ನಂತರ ಕಾಣುತ್ತದೆ. ಕರಗಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಈ ರಕ್ತ ಒಡೆಯುವಾಗ ಕಾಮಾಲೆ ಹೆಚ್ಚಬಹುದು. ಮೈ, ಕಣ್ಣು ಹಳದಿಯಾದರೆ ಕೂಡಲೇ ವೈದ್ಯರಿಗೆ ತೋರಿಸಬೇಕು.

3. ಬದು ಮೀರಿ ಹಬ್ಬುತ್ತಲೇ ಇರುವ ಊತ: ವ್ಯಾಕ್ಯೂಮ್ ಹಾಕಿ ಹೆರಿಗೆ ಮಾಡಿಸಿದ ಮಕ್ಕಳಲ್ಲಿ ಇದರ ಸಂಭವ ಹೆಚ್ಚು. ಊತವು ಕಿವಿ, ಕತ್ತಿನ ಕಡೆಗೆ ಇಳಿದು, ಮಗು ಬಿಳಿಚಿಕೊಂಡು, ಉಸಿರಾಟ ವೇಗವಾಗಿ, ಹಾಲು ಕುಡಿಯದಿದ್ದರೆ ಪ್ರಾಣಾಪಾಯವಿದೆ. ತಡ ಮಾಡದೆ 108ಕ್ಕೆ ಕರೆ ಮಾಡಿರಿ.

4. ವಾರಗಳ ನಂತರ ಮೂಡುವ ಊತ: ಇದು ಅಪರೂಪ. ನೀರು ತುಂಬಿದಂತೆ ಮೆತ್ತಗಿದ್ದು, ಮುಟ್ಟಿದರೆ ಅತ್ತಿತ್ತ ಜಾರುತ್ತದೆ. ಬಹುತೇಕ ತಾನಾಗಿಯೇ ಕರಗುತ್ತದೆ. ಆದರೆ ಪೆಟ್ಟಿನ ಊತವೂ ಹೀಗೆಯೇ ಕಾಣಬಹುದಾದ್ದರಿಂದ ವೈದ್ಯರೇ ನಿರ್ಧರಿಸಬೇಕು.

ಮಾಡಬಾರದ್ದು

ಊತವನ್ನು ಸೂಜಿಯಿಂದ ಚುಚ್ಚಬಾರದು; ನಂಜು ಸೇರಿ ಕೀವಾಗಬಹುದು. ಹರಳೆಣ್ಣೆ ಹಾಕಿ ಒತ್ತಿ ತಿಕ್ಕುವುದು, ಕಾವು ಕೊಡುವುದು, ಬಿಗಿಯಾಗಿ ಬಟ್ಟೆ ಕಟ್ಟುವುದು ಸಲ್ಲದು.

ಮಾಡಬೇಕಾದ್ದು

ಹುಟ್ಟಿದ ಕೂಡಲೇ ಕೊಡುವ ವಿಟಮಿನ್ ಕೆ ಚುಚ್ಚುಮದ್ದು ರಕ್ತಸ್ರಾವವನ್ನು ತಡೆಯುತ್ತದೆ. ಅದನ್ನು ಕೊಟ್ಟಿದ್ದಾರೆಯೇ ಎಂದು ಕೇಳಿ ತಿಳಿಯಿರಿ. ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೆ ಬಂದಾಗ ಮಗುವಿನ ಕುಲಾವಿ ತೆಗೆದು ತಲೆ ತೋರಿಸಿರಿ.

ಸೀರೆಯ ಜೋಲಿಯಿಂದಾಗಲಿ, ಮಂಚದಿಂದಾಗಲಿ ಮಗು ಬಿದ್ದು ಊತ ಬಂದರೆ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಬೆಂಗಳೂರಿನಲ್ಲಿ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂತಹ ಸರ್ಕಾರಿ ಆಸ್ಪತ್ರೆಯಿದೆ. ಹಿರಿಯರ ಬೈಗುಳಕ್ಕೆ ಅಂಜಿ ಬಿದ್ದದ್ದನ್ನು ಮುಚ್ಚಿಡಬಾರದು. ಆ ಒಂದು ಮಾತಿನಿಂದಲೇ ವೈದ್ಯರಿಗೆ ಚಿಕಿತ್ಸೆಯ ದಾರಿ ತಿಳಿಯುತ್ತದೆ.